ಎಡೆದೊರೆಯ ನೆರೆಹೊರೆ

ಇಬ್ಬರು ಬಲಾಢ್ಯರು ಒಂದೇ ವಿದ್ಯೆಯ ಬೆನ್ನು ಹತ್ತಿದಾಗ ಅವರ ನಡುವೆ ಪೈಪೋಟಿಯಲ್ಲದೆ ಬೇರೊಂದು ಸಂಬಂಧ ಸಾಧ್ಯವೇ? ಈ ಪ್ರಶ್ನೆ ಇಂದು ಕೃತಕ ಬುದ್ಧಿಮತ್ತೆಯನ್ನು ಕುರಿತು ಎದ್ದಿದೆ. ಮಾತನ್ನು ಅರ್ಥೈಸುವ, ಚಿತ್ರವನ್ನು ಗುರುತಿಸುವ, ಲೆಕ್ಕ ಹಾಕಿ ತೀರ್ಮಾನ ಹೇಳುವ ಯಂತ್ರಗಳನ್ನು ಕಟ್ಟುವುದರಲ್ಲಿ ಅಮೆರಿಕ ಮತ್ತು ಚೀನ ದೇಶಗಳು ಒಂದನ್ನೊಂದು ಮೀರಿಸಲು ಹವಣಿಸುತ್ತಿವೆ. ಈ ವಿದ್ಯೆ ವ್ಯಾಪಾರಕ್ಕೂ ಬೇಕು, ವೈದ್ಯಕ್ಕೂ ಬೇಕು, ಯುದ್ಧಕ್ಕೂ ಬೇಕು. ಆದ್ದರಿಂದ ಅದು ಎದುರಾಳಿಯ ಕೈಗೆ ಹೋಗಕೂಡದೆಂಬ ಆತಂಕ ಒಂದು ಕಡೆ. ಯಾರ ಹಿಡಿತಕ್ಕೂ ಸಿಗದೆ ಅದು ಎಲ್ಲರನ್ನೂ ಅಪಾಯಕ್ಕೆ ನೂಕೀತೆಂಬ ಆತಂಕ ಇನ್ನೊಂದು ಕಡೆ. ಮೊದಲನೆಯ ಆತಂಕ ಬೇಲಿ ಹಾಕೆನ್ನುತ್ತದೆ. ಎರಡನೆಯದು ಕುಳಿತು ಮಾತನಾಡೆನ್ನುತ್ತದೆ.

ವಿದ್ಯೆ ಹೊಸದು, ಸಂಕಟ ಹಳೆಯದು. ಕನ್ನಡ ನಾಡಿನಲ್ಲಿಯೇ, ಇನ್ನೂರು ವರ್ಷಗಳಿಗೂ ಮೀರಿ ಈ ಸಂಕಟವನ್ನು ಉಂಡ ಒಂದು ಸೀಮೆಯಿದೆ. ಅದು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆ. ಅಲ್ಲಿ ನಡೆದುದನ್ನು ತುಸು ವಿವರವಾಗಿ ನೋಡಿದರೆ, ಇಂದಿನ ಪ್ರಶ್ನೆಗೆ ಸಿದ್ಧವಾದ ಉತ್ತರ ಸಿಗದಿದ್ದರೂ, ಆ ಪ್ರಶ್ನೆಯನ್ನು ಸರಿಯಾಗಿ ಕೇಳುವ ಬಗೆಯಾದರೂ ತಿಳಿದೀತು.

ರಾಯಚೂರಿನಿಂದ ಪಡುವಣಕ್ಕೆ ಹೊರಟವನಿಗೆ ಸಿಗುವ ಊರು ಕಲ್ಮಲ. ದೇವದುರ್ಗದ ಕಡೆಗೂ ಮಾನ್ವಿಯ ಕಡೆಗೂ ಹೋಗುವ ದಾರಿಗಳು ಇಲ್ಲಿ ಕವಲೊಡೆಯುತ್ತವೆ. ಒಂದನ್ನು ಹಿಡಿದರೆ ಕೃಷ್ಣೆಯ ದಡ, ಇನ್ನೊಂದನ್ನು ಹಿಡಿದರೆ ತುಂಗಭದ್ರೆಯ ಮಗ್ಗುಲು. ಕಲ್ಮಲದಲ್ಲಿ ನಿಂತವನು ಎರಡು ಹೊಳೆಗಳ ನಡುವೆ ನಿಂತಿರುತ್ತಾನೆ. ನಮ್ಮ ಶಾಸನಗಳು ಈ ನೆಲವನ್ನು ‘ಎಡೆದೊರೆ ಎರಡುಸಾಸಿರ’ ಎಂದು ಕರೆದವು. ಎಡೆ ಎಂದರೆ ನಡು, ತೊರೆ ಎಂದರೆ ಹೊಳೆ. ಹತ್ತಿ, ಜೋಳಗಳನ್ನು ಬೆಳೆಯುವ ಎರೆಮಣ್ಣಿನ ಬಯಲು ಇದು. ಇದರ ಮೂಡಲ ಭಾಗದಲ್ಲಿ, ಕಾಕತೀಯರ ಕಾಲದಲ್ಲಿ, 1294ರಲ್ಲಿ ಕಟ್ಟಿದ ರಾಯಚೂರಿನ ಕೋಟೆ. ಪಡುವಲಲ್ಲಿ ಮುದಗಲ್ಲಿನ ಕೋಟೆ. 1336ರಲ್ಲಿ ತುಂಗಭದ್ರೆಯ ತೆಂಕಣ ದಡದಲ್ಲಿ ವಿಜಯನಗರ ರಾಜ್ಯ ಹುಟ್ಟಿತು. 1347ರಲ್ಲಿ ಕೃಷ್ಣೆಯ ಬಡಗಣ ಸೀಮೆಯಲ್ಲಿ, ಕಲಬುರ್ಗಿಯನ್ನು ರಾಜಧಾನಿಯಾಗಿಸಿಕೊಂಡು ಬಹಮನಿ ರಾಜ್ಯ ಎದ್ದಿತು. ನಡುವಿನ ನೆಲ ಯಾರದು? ಈ ಒಂದು ಪ್ರಶ್ನೆಗಾಗಿ ತಲೆಮಾರು ತಲೆಮಾರುಗಳು ಕಾದಾಡಿದವು. ದಂಡು ಯಾರದೇ ಆಗಿರಲಿ, ಅದರ ಕುದುರೆಗಳು ಮೇದದ್ದು ಮಾತ್ರ ಈ ಸೀಮೆಯ ಹೊಲಗಳನ್ನು.

ಈ ಹೋರಾಟವನ್ನು ಎರಡು ಧರ್ಮಗಳ ಹೋರಾಟವೆಂದು ಬರೆಯುವ ರೂಢಿಯುಂಟು. ನಡೆದ ಸಂಗತಿಗಳು ಆ ಮಾತಿಗೆ ಅಷ್ಟಾಗಿ ಒಪ್ಪುವುದಿಲ್ಲ. ಇದು ಇಬ್ಬರು ನೆರೆಯವರ ಬಲದ ಪೈಪೋಟಿ. ಆ ಬಲವನ್ನು ಕೊಡುವ ವಿದ್ಯೆ ಮತ್ತು ವಸ್ತುಗಳ ಪೈಪೋಟಿ. ಅವುಗಳಲ್ಲಿ ಮುಖ್ಯವಾದವು ಮೂರು: ಕುದುರೆ, ಬಿಲ್ಗಾರಿಕೆ, ಮದ್ದುಗುಂಡು.

ಮೊದಲು ಕುದುರೆಯ ಮಾತು. ದಕ್ಷಿಣದ ಹವೆ ಒಳ್ಳೆಯ ಯುದ್ಧಾಶ್ವಗಳನ್ನು ಬೆಳೆಸಲು ತಕ್ಕುದಲ್ಲ. ಅವು ಅರಬಸ್ಥಾನದಿಂದ, ಹೊರ್ಮುಜಿನಿಂದ ಹಡಗಿನಲ್ಲಿ ಬರಬೇಕು. ಗೋವೆ, ಭಟ್ಕಳಗಳಂಥ ಬಂದರುಗಳಲ್ಲಿ ಇಳಿಯಬೇಕು. ಘಟ್ಟವನ್ನು ಹತ್ತಿ ಒಳನಾಡಿಗೆ ನಡೆಯಬೇಕು. ಹದಿನೈದನೆಯ ಶತಮಾನದ ಕೊನೆಯಲ್ಲಿ ವಿಜಯನಗರವನ್ನು ಆಳಿದ ಸಾಳುವ ನರಸಿಂಹ, ಸಾವಿರ ಪರ್ದಾವ್ ನಾಣ್ಯಗಳಿಗೆ ಮೂರರಂತೆ ಕುದುರೆಗಳನ್ನು ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಸಾಕು, ಬದುಕಿದ ಕುದುರೆಯ ಬೆಲೆಯನ್ನೇ ಕೊಡುತ್ತಿದ್ದನಂತೆ. ಇದನ್ನು ಬರೆದಿಟ್ಟವನು ಹದಿನಾರನೆಯ ಶತಮಾನದಲ್ಲಿ ವಿಜಯನಗರದಲ್ಲಿದ್ದ ಪೋರ್ಚುಗೀಸ್ ವ್ಯಾಪಾರಿ ನೂನಿಜ್. ಬಾಲಕ್ಕೆ ಹಣ ಕೊಟ್ಟ ದೊರೆ ಮೂಢನಲ್ಲ. ನಷ್ಟ ತನ್ನದಾಗಲಿ, ವ್ಯಾಪಾರಿ ಮಾತ್ರ ಎದುರಾಳಿಯ ಬಾಗಿಲಿಗೆ ಹೋಗದಿರಲಿ ಎಂಬ ಲೆಕ್ಕಾಚಾರ ಅದರಲ್ಲಿದೆ.

1510ರಲ್ಲಿ ಪೋರ್ಚುಗೀಸರು ಬಿಜಾಪುರದ ಆದಿಲಶಾಹಿಗಳಿಂದ ಗೋವೆಯನ್ನು ಕಿತ್ತುಕೊಂಡರು. ಆ ಹೊತ್ತಿಗೆ ಬಹಮನಿ ರಾಜ್ಯ ಒಡೆದುಹೋಗಿತ್ತು. ಕೃಷ್ಣೆಯ ಬಡಗಣ ನೆರೆಯವರಾಗಿ ಬಿಜಾಪುರದವರು ನಿಂತಿದ್ದರು. ಗೋವೆ ಕೈತಪ್ಪಿದ್ದರಿಂದ ಅವರ ಕುದುರೆಯ ದಾರಿ ಪರರ ಪಾಲಾಯಿತು. ಪೋರ್ಚುಗೀಸರ ಅಧಿಪತಿ ಅಲ್ಬುಕರ್ಕನು ವಿಜಯನಗರಕ್ಕೆ ದೂತನನ್ನಟ್ಟಿ, ಕುದುರೆಗಳನ್ನು ನಿಮಗೇ ಕೊಡುತ್ತೇವೆ, ಬಿಜಾಪುರಕ್ಕೆ ಕೊಡುವುದಿಲ್ಲ ಎಂಬ ಆಸೆಯನ್ನು ತೋರಿಸಿದನು. ಮುಂದೆ ಎರಡು ರಾಜ್ಯಗಳ ರಾಯಭಾರಿಗಳೂ ಕುದುರೆಗಾಗಿ ಅವನ ಬಾಗಿಲಲ್ಲಿ ಕಾದರು. ಇಬ್ಬರು ಹೊಡೆದಾಡುತ್ತಿರುವಾಗ ಇಬ್ಬರಿಗೂ ಬೇಕಾದ ವಸ್ತುವನ್ನು ಕೈಯಲ್ಲಿ ಹಿಡಿದವನೇ ಮೂರನೆಯ ದೊರೆ.

ಇಂದಿನ ಕುದುರೆ ಚಿಪ್ಪು. ಅಂಗೈಯಲ್ಲಿ ಅಡಗುವ ಈ ಸಿಲಿಕಾನ್ ಬಿಲ್ಲೆಗಳು ಸಾವಿರ ಸಾವಿರವಾಗಿ ಸೇರಿದರೆ ಮಾತ್ರ ಯಂತ್ರಕ್ಕೆ ಬುದ್ಧಿ ಕಲಿಸಲು ಸಾಧ್ಯ. ಅತ್ಯುನ್ನತ ಚಿಪ್ಪುಗಳ ಬಹುಪಾಲು ತಯಾರಾಗುವುದು ತೈವಾನಿನಲ್ಲಿ. ಅವುಗಳ ಮೇಲೆ ಅತಿಸೂಕ್ಷ್ಮ ಗೆರೆಗಳನ್ನು ಮೂಡಿಸುವ ಯಂತ್ರಗಳನ್ನು ಮಾಡುವುದು ನೆದರ್ಲೆಂಡ್ಸಿನ ಒಂದೇ ಒಂದು ಕಂಪನಿ. ದಾರಿ ಇಷ್ಟು ಕಿರಿದಾಗಿರುವುದರಿಂದ ಅದಕ್ಕೆ ಸುಂಕದ ಕಟ್ಟೆ ಹಾಕುವುದು ಸುಲಭ. 2022ರ ಅಕ್ಟೋಬರಿನಲ್ಲಿ ಅಮೆರಿಕ ಸರ್ಕಾರ ಮೇಲುದರ್ಜೆಯ ಚಿಪ್ಪುಗಳನ್ನೂ ಅವನ್ನು ಮಾಡುವ ಸಲಕರಣೆಗಳನ್ನೂ ಚೀನಕ್ಕೆ ಮಾರದಂತೆ ಕಟ್ಟುಪಾಡು ವಿಧಿಸಿತು. ಆಮೇಲೆ ಆ ಕಟ್ಟು ಒಮ್ಮೆ ಬಿಗಿಯಾಯಿತು, ಒಮ್ಮೆ ಸಡಿಲವಾಯಿತು. 2025ರಲ್ಲಿ ಒಂದು ಬಗೆಯ ಚಿಪ್ಪಿನ ಮಾರಾಟವನ್ನು ಮೊದಲು ತಡೆದು, ಕೆಲವೇ ತಿಂಗಳಲ್ಲಿ ಮತ್ತೆ ಬಿಟ್ಟಿತು. ಗೋವೆಯ ಬಂದರಿನಲ್ಲಿ ನಿಂತು ಕುದುರೆ ಎಣಿಸುತ್ತಿದ್ದವರಿಗೆ ಈ ಆಟ ಹೊಸದಾಗಿ ಕಾಣುತ್ತಿರಲಿಲ್ಲ.

ಆದರೆ ವಸ್ತುವನ್ನು ತಡೆದಷ್ಟು ಸುಲಭವಾಗಿ ವಿದ್ಯೆಯನ್ನು ತಡೆಯಲಾದೀತೆ? ಇಲ್ಲಿ ಎರಡನೆಯ ಮಾತು, ಬಿಲ್ಗಾರಿಕೆಯ ಮಾತು ಬರುತ್ತದೆ. 1424ರಿಂದ 1446ರವರೆಗೆ ಆಳಿದ ಇಮ್ಮಡಿ ದೇವರಾಯನು ತನ್ನವರನ್ನು ಕೂಡಿಸಿ, ನೆಲದಲ್ಲಿಯೂ ಜನದಲ್ಲಿಯೂ ಹಣದಲ್ಲಿಯೂ ಕಡಮೆಯಿಲ್ಲದ ನಾವು ಬಹಮನಿಗಳ ಮುಂದೆ ಸೋಲುವುದೇಕೆ ಎಂದು ಕೇಳಿದನಂತೆ. ಅವರ ಕುದುರೆ ಮೇಲು, ಅವರ ಬಿಲ್ಗಾರರು ಮೇಲು ಎಂಬುದು ಬಂದ ಉತ್ತರಗಳಲ್ಲಿ ಮುಖ್ಯವಾದುದು. ಆಗ ಅವನು ಮುಸಲ್ಮಾನ ಯೋಧರನ್ನು ಸೇವೆಗೆ ಕರೆದನು, ಜಹಗೀರು ಕೊಟ್ಟನು, ನಗರದಲ್ಲಿ ಮಸೀದಿಗೆ ಅವಕಾಶ ಮಾಡಿದನು, ಅವರು ತಮ್ಮ ಧರ್ಮಕ್ಕೆ ಭಂಗವಿಲ್ಲದೆ ವಂದಿಸಲೆಂದು ಸಿಂಹಾಸನದ ಮುಂದೆ ಕುರಾನನ್ನು ಇರಿಸಿದನು. ಅವರಿಂದ ತನ್ನ ಸೈನಿಕರಿಗೆ ಬಿಲ್ವಿದ್ಯೆಯನ್ನು ಕಲಿಸಿದನು. ಇದನ್ನು ಬರೆದ ಫೆರಿಷ್ತಾ ಬಿಜಾಪುರದ ಆಸ್ಥಾನದ ಇತಿಹಾಸಕಾರ, ವಿಜಯನಗರದ ಹೊಗಳುಭಟ್ಟನಲ್ಲ. ಹಂಪೆಯಲ್ಲಿ ದೇವರಾಯನ ಸೇವಕ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿ ಇಂದಿಗೂ ನಿಂತಿದೆ. ಅದನ್ನು ಅವನ ಶಾಸನ ‘ಧರ್ಮಸಾಲೆ’ ಎಂದು ಕರೆಯುತ್ತದೆ. 1443ರಲ್ಲಿ ದೇವರಾಯನ ದಂಡು ತುಂಗಭದ್ರೆಯನ್ನು ದಾಟಿ ಮುದಗಲ್ಲನ್ನು ಹಿಡಿದು ರಾಯಚೂರಿಗೆ ಮುತ್ತಿಗೆ ಹಾಕಿತು. ವಿದ್ಯೆ ಮನುಷ್ಯನ ಕೈಯಲ್ಲಿ, ಕಣ್ಣಿನಲ್ಲಿ ಇರುತ್ತದೆ. ಮನುಷ್ಯ ಗೌರವ ಸಿಕ್ಕ ಕಡೆಗೆ ನಡೆಯುತ್ತಾನೆ. ಹೊಳೆ ಅವನನ್ನು ತಡೆಯಲಾರದು.

ಮೂರನೆಯದು ಮದ್ದುಗುಂಡು. 1472ರಲ್ಲಿ ಬಹಮನಿಗಳ ಮಂತ್ರಿ ಮಹಮೂದ್ ಗವಾನನು ಬೆಳಗಾವಿಯ ಕೋಟೆಯನ್ನು ಮುತ್ತಿದಾಗ ಗೋಡೆಯ ಅಡಿಯಲ್ಲಿ ಸುರಂಗ ತೋಡಿ, ಮದ್ದು ತುಂಬಿ ಸಿಡಿಸಿದನೆಂದೂ, ಈ ಉಪಾಯ ದಖ್ಖನಿಗೆ ಅಲ್ಲಿಯವರೆಗೆ ಹೊಸದೆಂದೂ ಫೆರಿಷ್ತಾ ಹೇಳುತ್ತಾನೆ. ಅನಂತರ ತುರ್ಕರ ಕಡೆಯಿಂದ ಬಂದ ತೋಪಿನ ಕಸುಬುದಾರರು, ಪೋರ್ಚುಗೀಸರ ಕೋವಿಗಳು, ಇಲ್ಲಿನ ಕಮ್ಮಾರರ ಕೈಚಳಕ ಮೂರೂ ಬೆರೆತವು. ಗೋವೆಯನ್ನು ಗೆದ್ದ ಅಲ್ಬುಕರ್ಕನು 1513ರಲ್ಲಿ ತನ್ನ ಅರಸನಿಗೆ, ಗೋವೆಯ ಕುಶಲಕರ್ಮಿಗಳು ಮಾಡುವ ಕೋವಿಗಳು ಯುರೋಪಿನ ಒಳ್ಳೆಯ ಕೋವಿಗಳಿಗೆ ಸಮನಾದುವೆಂದು ಬರೆದನು. ಆ ಕಮ್ಮಾರರು ಅದಕ್ಕೆ ಮೂರು ವರ್ಷ ಹಿಂದೆ ಬಿಜಾಪುರದ ಪ್ರಜೆಗಳು! ಯಾರು ಯಾರಿಂದ ಕಲಿತರೆಂದು ಗೆರೆ ಎಳೆದು ಹೇಳುವುದು ಕಷ್ಟ.

ಈ ಮೂರೂ ಎಳೆಗಳು ಒಂದು ಗಂಟಾದುದು 1520ರ ರಾಯಚೂರಿನ ಯುದ್ಧದಲ್ಲಿ. ಅದರ ನೆಪವೇ ಕುದುರೆ. ಕೃಷ್ಣದೇವರಾಯನು ಗೋವೆಯಲ್ಲಿ ಕುದುರೆಗಳನ್ನು ಕೊಂಡು ತರಲು ಒಬ್ಬ ಮುಸಲ್ಮಾನ ವ್ಯಾಪಾರಿಯ ಕೈಯಲ್ಲಿ 40,000 ಪರ್ದಾವ್ ಕೊಟ್ಟು ಕಳಿಸಿದನೆಂದೂ, ಅವನು ಆ ಹಣದೊಡನೆ ಇಸ್ಮಾಯಿಲ್ ಆದಿಲಶಾಹನ ಆಶ್ರಯಕ್ಕೆ ಓಡಿಹೋದನೆಂದೂ, ಅವನನ್ನು ಒಪ್ಪಿಸೆಂದರೆ ಆದಿಲಶಾಹನು ಒಪ್ಪಲಿಲ್ಲವೆಂದೂ ನೂನಿಜನು ಬರೆಯುತ್ತಾನೆ. ರಾಯನು ದಂಡೆತ್ತಿ ಬಂದು ರಾಯಚೂರಿನ ಬಳಿಯ ಮಲಿಯಾಬಾದಿನಲ್ಲಿ ಬೀಡುಬಿಟ್ಟನು. ಕೋಟೆಯೊಳಗೆ ಆದಿಲಶಾಹನ 8,000 ಯೋಧರೂ 200 ದೊಡ್ಡ ತೋಪುಗಳೂ ಇದ್ದುವು. ವಿಜಯನಗರದ ಕಾಲಾಳುಗಳಾದರೋ ಹಾರೆ ಗುದ್ದಲಿ ಹಿಡಿದು ಗೋಡೆಯ ಬುಡಕ್ಕೆ ನುಗ್ಗಿದರು. ಕಿತ್ತು ತಂದ ಒಂದೊಂದು ಕಲ್ಲಿಗೂ ನಾಯಕರು ಹತ್ತರಿಂದ ಐವತ್ತು ಹಣದವರೆಗೆ ಬೆಲೆ ಕಟ್ಟಿ ಕೊಟ್ಟರಂತೆ. ಮೇಲೆ ತೋಪು, ಕೆಳಗೆ ಗುದ್ದಲಿ. ನಡುವೆ ಕಲ್ಲಿನ ಬೆಲೆಗೆ ಪ್ರಾಣವನ್ನು ಒತ್ತೆಯಿಟ್ಟ ಬಡವನು.

ಕೋಟೆಯ ನೆರವಿಗೆ ಇಸ್ಮಾಯಿಲನು ಕೃಷ್ಣೆಯನ್ನು ದಾಟಿ ಬಂದನು. ಅವನ ಭರವಸೆಯೆಲ್ಲ ತೋಪುಗಳ ಮೇಲೆ. ಮೇ ತಿಂಗಳ ಒಂದು ಬೆಳಗ್ಗೆ ಆ ತೋಪುಗಳೆಲ್ಲ ಒಮ್ಮೆಗೇ ಸಿಡಿದಾಗ ವಿಜಯನಗರದ ಮುಂಚೂಣಿ ಒಡೆದು ಹಿಮ್ಮೆಟ್ಟಿತು. ಆದರೆ ಮತ್ತೆ ಮದ್ದು ತುಂಬುವುದಕ್ಕೆ ಹೊತ್ತು ಬೇಕಲ್ಲ! ಅಷ್ಟರಲ್ಲಿ ರಾಯನು ಎರಡನೆಯ ಪಡೆಯೊಡನೆ ತಾನೇ ಮುನ್ನುಗ್ಗಿದನು. ಬಿಜಾಪುರದ ಸೈನ್ಯ ಕೃಷ್ಣೆಯ ಮಡುವಿನವರೆಗೂ ಓಡಿತು. ಆದಿಲಶಾಹನು ಆನೆಯನ್ನೇರಿ ತಪ್ಪಿಸಿಕೊಂಡನು. 400 ದೊಡ್ಡ ತೋಪುಗಳು ವಿಜಯನಗರದ ಪಾಲಾದುವು. ಆಮೇಲೆ ಮುತ್ತಿಗೆಯನ್ನು ಮುಗಿಸಿದವರಲ್ಲಿ ಕ್ರಿಸ್ಟೊವಾವ್ ದ ಫಿಗೆರೆದೊ ಎಂಬ ಪೋರ್ಚುಗೀಸನೂ ಅವನ 20 ಮಂದಿ ಕೋವಿಕಾರರೂ ಇದ್ದರು. ಇವರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಉರುಳಿಸಿದರು. ಕೋಟೆಯ ಅಧಿಪತಿಯೇ ಗುಂಡಿಗೆ ಬಲಿಯಾದನು. ಮರುದಿನ ಕೋಟೆ ಶರಣಾಯಿತು. ಬಿಜಾಪುರದ ದಂಡಿನಲ್ಲಿಯೂ ಪೋರ್ಚುಗೀಸರು ಕೆಲವರಿದ್ದರೆಂಬುದನ್ನು ಮರೆಯುವಂತಿಲ್ಲ. ಹೊಸ ವಿದ್ಯೆಗೆ ನಿಷ್ಠೆಯ ಊರಿರಲಿಲ್ಲ.

ಇಲ್ಲಿಗೆ ಕತೆ ಮುಗಿದಿದ್ದರೆ ವಿಜಯೋತ್ಸವದ ಕತೆಯಾಗುತ್ತಿತ್ತು. ಆದರೆ ಈ ಯುದ್ಧವನ್ನು ಆಳವಾಗಿ ಅಭ್ಯಾಸ ಮಾಡಿರುವ ಇತಿಹಾಸಕಾರ ರಿಚರ್ಡ್ ಈಟನ್ ಒಂದು ವಿಚಿತ್ರವನ್ನು ನಮ್ಮ ಗಮನಕ್ಕೆ ತರುತ್ತಾರೆ. ಸೋತ ಬಿಜಾಪುರ ತನ್ನ ಸೋಲಿನಿಂದ ಕಲಿಯಿತು, ತೋಪುಗಳನ್ನು ಸುಧಾರಿಸಿತು, ಕೋಟೆಗಳ ಕೊತ್ತಲಗಳನ್ನು ತೋಪಿಗೆ ತಕ್ಕಂತೆ ಮತ್ತೆ ಕಟ್ಟಿತು. ಗೆದ್ದ ವಿಜಯನಗರವಾದರೋ ತೋಪಿನ ಎದುರು ತನ್ನ ಕುದುರೆ ಗೆದ್ದಿತೆಂಬ ಪಾಠವನ್ನೇ ಕಲಿಯಿತು. 1529ರಲ್ಲಿ ಕೃಷ್ಣದೇವರಾಯನು ತೀರಿಕೊಂಡನು. 1530ರಲ್ಲಿ ರಾಯಚೂರು, ಮುದಗಲ್ಲುಗಳು ಇಸ್ಮಾಯಿಲನಿಗೆ ಮರಳಿದುವು. 1565ರ ಜನವರಿ 23ರಂದು ಕೃಷ್ಣೆಯ ತೀರದಲ್ಲಿ, ನಾವು ತಾಳಿಕೋಟೆಯ ಯುದ್ಧವೆನ್ನುವ ಆ ಕದನದಲ್ಲಿ, ಅಹಮದನಗರದ ತೋಪುಗಾರ ರೂಮಿಖಾನನು ಸಾಲಾಗಿ ನಿಲ್ಲಿಸಿದ ತೋಪುಗಳು ತಾಮ್ರದ ಕಾಸುಗಳನ್ನು ಉಗುಳಿ ವಿಜಯನಗರದ ದಂಡನ್ನು ಮುರಿದುವು. ಗೆಲುವು ವಿದ್ಯೆಯನ್ನು ಕೊಡುವುದಿಲ್ಲ. ಎಷ್ಟೋ ಸಲ ಅದು ವಿದ್ಯೆಯ ಅವಶ್ಯಕತೆಯನ್ನೇ ಮರೆಸುತ್ತದೆ.

ಸೋತವನು, ತಡೆಗೆ ಸಿಕ್ಕವನು ತಾನೇ ಕಲಿಯುತ್ತಾನೆಂಬುದಕ್ಕೆ ನಮ್ಮ ಕಾಲದ ನಿದರ್ಶನಗಳೂ ಇವೆ. 1980ರ ದಶಕದಲ್ಲಿ ಭಾರತ ಅಮೆರಿಕದಿಂದ ಮಹಾಗಣಕವೊಂದನ್ನು ಬಯಸಿತು. ಕೇಳಿದ್ದಕ್ಕಿಂತ ಕಡಮೆ ಶಕ್ತಿಯದನ್ನು, ಅದೂ ಹವಾಮಾನದ ಲೆಕ್ಕಕ್ಕೆ ಮಾತ್ರವೆಂಬ ಕಟ್ಟುಪಾಡಿನ ಮೇಲೆ, ಅವರು ಕೊಟ್ಟರು. 1988ರಲ್ಲಿ ಪುಣೆಯಲ್ಲಿ ಸಿ-ಡ್ಯಾಕ್ ಸಂಸ್ಥೆ ಹುಟ್ಟಿತು; 1991ರಲ್ಲಿ ಅದು ‘ಪರಮ್ 8000’ ಎಂಬ ನಮ್ಮದೇ ಮಹಾಗಣಕವನ್ನು ಕಟ್ಟಿತು. 2025ರ ಜನವರಿಯಲ್ಲಿ ಡೀಪ್‌ಸೀಕ್ ಎಂಬ ಚೀನೀ ಕಂಪನಿ, ಚಿಪ್ಪಿನ ಕಟ್ಟುಪಾಡುಗಳ ನಡುವೆಯೇ, ಅಮೆರಿಕದ ಒಳ್ಳೆಯ ಯಂತ್ರಗಳಿಗೆ ಸರಿಗಟ್ಟುವಂಥ ಮಾತಿನ ಯಂತ್ರವನ್ನು ಹೊರತಂದು, ಯಾರು ಬೇಕಾದರೂ ಪಡೆಯುವಂತೆ ಅದನ್ನು ತೆರೆದಿಟ್ಟಿತು. ಬೇಲಿ ವ್ಯರ್ಥವೆಂದು ಇದರಿಂದ ಹೇಳಲಾಗದು. ಬೇಲಿ ಕಾಲವನ್ನು ಕೊಳ್ಳುತ್ತದೆ. ಕೊಂಡ ಕಾಲದಲ್ಲಿ ಏನು ಮಾಡಿದೆವೆಂಬುದೇ ಮುಖ್ಯ.

ಏನು ಮಾಡಬಹುದು? ಇದಕ್ಕೆ ಉತ್ತರ ಹುಡುಕಲು ರಾಯಚೂರಿನ ಯುದ್ಧಕ್ಕಿಂತ ಒಂದೂವರೆ ಶತಮಾನ ಹಿಂದಕ್ಕೆ ಹೋಗಬೇಕು. 1366ರಲ್ಲಿ ವಿಜಯನಗರದ ಬುಕ್ಕರಾಯನಿಗೂ ಬಹಮನಿ ಸುಲ್ತಾನ ಒಂದನೆಯ ಮುಹಮ್ಮದ್ ಶಾಹನಿಗೂ ಯುದ್ಧ ಹತ್ತಿಕೊಂಡಿತು. ಅದರ ಕಾರಣ ಕೇಳಿದರೆ ನಗು ಬರುತ್ತದೆ. ತನ್ನ ಔತಣದಲ್ಲಿ ಹಾಡಿದ ಗಾಯಕರ ಸಂಭಾವನೆಯನ್ನು ವಿಜಯನಗರದ ಬೊಕ್ಕಸವೇ ತೆರಬೇಕೆಂದು ಸುಲ್ತಾನನು ಆಜ್ಞೆ ಬರೆಸಿದನಂತೆ. ಪರಿಣಾಮವನ್ನು ಕೇಳಿದರೆ ಮಾತ್ರ ನಗು ಅಡಗುತ್ತದೆ. ಕೆರಳಿದ ಬುಕ್ಕನು ಮುದಗಲ್ಲನ್ನು ಹಿಡಿದಾಗ, ಸುದ್ದಿ ಹೇಳಲು ಉಳಿದವನು ಒಬ್ಬನೇ. ಅದನ್ನು ಕೇಳಿದ ಸುಲ್ತಾನನು ಲಕ್ಷ ತಲೆ ಉರುಳಿಸುವವರೆಗೆ ಕತ್ತಿ ಒರೆಗೆ ಹಾಕೆನೆಂದು ಶಪಥ ಮಾಡಿದನು. ಹೆಂಗಸು ಮಕ್ಕಳೆನ್ನದೆ ಕೊಂದನು. ಫೆರಿಷ್ತಾ ಬರೆದದ್ದು ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಅವನ ಅಂಕಿಗಳನ್ನು ನಾವು ಹಾಗೆಯೇ ನಂಬಬೇಕಾಗಿಲ್ಲ. ಕೊಲೆ ಎರಡು ಕಡೆಯಿಂದಲೂ ನಡೆಯಿತೆಂಬ ಅವನ ಮಾತಿನ ಹುರುಳನ್ನು ತಳ್ಳಿಹಾಕಲಾಗದು.

ಕೊನೆಗೆ ವಿಜಯನಗರದ ರಾಯಭಾರಿಗಳು ಸುಲ್ತಾನನ ಮುಂದೆ ನಿಂತರು. ಗಾಯಕರ ಸಂಭಾವನೆ ಸಂದಿತು. ಸುಲ್ತಾನನ ಮಾತು ಉಳಿಯಿತು. ಆಗ ಅವರು ಆಡಿದ ಮಾತನ್ನು ಫೆರಿಷ್ತಾ ಬರೆದಿಟ್ಟಿದ್ದಾನೆ. ಅದರ ಸಾರಾಂಶ ಇಷ್ಟು: ತಪ್ಪಿತಸ್ಥರ ತಪ್ಪಿಗೆ ನಿರಪರಾಧಿಗಳನ್ನು ದಂಡಿಸುವುದು ಯಾವ ಧರ್ಮಕ್ಕೂ ಸಮ್ಮತವಲ್ಲ. ನಿಮ್ಮ ವಂಶದವರೂ ಕರ್ನಾಟಕದ ಅರಸರೂ ಇನ್ನು ಬಹುಕಾಲ ನೆರೆಹೊರೆಯವರಾಗಿ ಬಾಳಬೇಕಾದವರು. ಆದ್ದರಿಂದ ಮುಂದಿನ ಯುದ್ಧಗಳಲ್ಲಿ ಆಯುಧವಿಲ್ಲದ ಪ್ರಜೆಗಳನ್ನು ಕೊಲ್ಲದಿರುವಂತೆ ಒಂದು ಒಡಂಬಡಿಕೆ ಆಗಲಿ. ಸುಲ್ತಾನನು ಈ ಮಾತಿಗೆ ಒಪ್ಪಿ, ತನ್ನ ಮುಂದಿನವರೂ ಹಾಗೆ ನಡೆಯಬೇಕೆಂದು ಕಟ್ಟುಮಾಡಿದನು. ಅಂದಿನಿಂದ ಸೆರೆಯಾಳುಗಳನ್ನೂ ನಿರಾಯುಧರನ್ನೂ ಉಳಿಸುವುದು ದಖ್ಖನಿನ ಪದ್ಧತಿಯಾಯಿತೆಂದು ಫೆರಿಷ್ತಾ ಹೇಳುತ್ತಾನೆ.

ಆ ರಾಯಭಾರಿಗಳು ಹೇಳಿದ್ದನ್ನೂ ಹೇಳದೆ ಬಿಟ್ಟದ್ದನ್ನೂ ಗಮನಿಸಬೇಕು. ಯುದ್ಧವೇ ಬೇಡವೆಂದು ಅವರು ಹೇಳಲಿಲ್ಲ. ಎಡೆದೊರೆ ಯಾರದೆಂಬ ಪ್ರಶ್ನೆಯನ್ನು ಎತ್ತಲಿಲ್ಲ. ನಾವು ಸ್ನೇಹಿತರೆಂದು ನಟಿಸಲಿಲ್ಲ. ಹಗೆತನ ಇರಲಿ, ಪೈಪೋಟಿ ಇರಲಿ. ಇಬ್ಬರೂ ನಾಳೆ ಇಲ್ಲಿಯೇ ಇರುತ್ತೇವೆ, ಆದ್ದರಿಂದ ಒಂದೇ ಒಂದು ಸಂಗತಿಯಲ್ಲಿ ಕೈ ಹಿಡಿಯೋಣ ಎಂದರು. ಪ್ರೀತಿಯನ್ನು ನೆಮ್ಮಿದ ಒಡಂಬಡಿಕೆ ಪ್ರೀತಿ ಹೋದೊಡನೆ ಬೀಳುತ್ತದೆ. ನೆರೆಹೊರೆಯನ್ನು ನೆಮ್ಮಿದ ಒಡಂಬಡಿಕೆಗೆ ಅಷ್ಟು ಸುಲಭವಾಗಿ ತಳಹದಿ ತಪ್ಪುವುದಿಲ್ಲ; ಹೊಳೆಗಳು ಸ್ಥಳ ಬದಲಾಯಿಸುವುದಿಲ್ಲವಷ್ಟೆ.

ಒಡಂಬಡಿಕೆ ಉಳಿಯಿತೇ ಎಂದು ಕೇಳುಗರು ಕೇಳಬಹುದು. ಯಾವಾಗಲೂ ಉಳಿಯಲಿಲ್ಲ. ಹದಿನೈದನೆಯ ಶತಮಾನದ ಮೂರನೆಯ ದಶಕದಲ್ಲಿ ಬಹಮನಿ ಸುಲ್ತಾನ ಅಹಮದ್ ಶಾಹನು ವಿಜಯನಗರದ ಸೀಮೆಗೆ ನುಗ್ಗಿ ಹೆಂಗಸು ಮಕ್ಕಳನ್ನು ಕೊಲ್ಲಿಸಿದನು. ಆದರೆ ಅದನ್ನು ಬರೆಯುವಾಗ ಫೆರಿಷ್ತಾ ಒಂದು ಮಾತನ್ನು ಸೇರಿಸುತ್ತಾನೆ: ಇದು ಮುಹಮ್ಮದ್ ಶಾಹನು ಮಾಡಿಕೊಂಡಿದ್ದ ಒಪ್ಪಂದಕ್ಕೆ ವಿರುದ್ಧವಾದುದು. ಒಪ್ಪಂದ ಇಲ್ಲದಿದ್ದರೆ ಅದು ಬರಿಯ ಯುದ್ಧವಾಗುತ್ತಿತ್ತು; ಒಪ್ಪಂದ ಇದ್ದುದರಿಂದ ಅದು ಅಪರಾಧವಾಯಿತು. ಸುಲ್ತಾನರ ಚರಿತ್ರೆಯನ್ನು ಬರೆಯಲು ಕುಳಿತವನೇ ಸುಲ್ತಾನನ ತಪ್ಪನ್ನು ಅಳೆಯಲು ಒಂದು ಕೋಲು ದೊರೆಯಿತು. 1520ರಲ್ಲಿ ಕೃಷ್ಣೆಯ ದಡದಲ್ಲಿ, ಓಡುತ್ತಿದ್ದ ಬಿಜಾಪುರದವರನ್ನು ನೀರಿನಲ್ಲಿ ಕೊಲ್ಲುತ್ತಿದ್ದಾಗ ಕೃಷ್ಣದೇವರಾಯನು ಕೈ ತಡೆದನು. ತಪ್ಪಿಲ್ಲದವರು ಬಹಳ ಮಂದಿ ಸಾಯುತ್ತಿದ್ದಾರೆ, ಆದಿಲಶಾಹನು ಮಾಡಿದ ಅನ್ಯಾಯಕ್ಕೆ ಈ ಸೋಲೇ ಸಾಕು ಎಂಬ ಅರ್ಥದ ಮಾತನ್ನು ಹೇಳಿದನೆಂದು ನೂನಿಜನು ಬರೆಯುತ್ತಾನೆ. ರಾಯಚೂರಿನ ಪಟ್ಟಣಿಗರ ಆಸ್ತಿಪಾಸ್ತಿಗೂ ಅಭಯ ಕೊಟ್ಟನು. ಅದು ಬುಕ್ಕರಾಯನ ಕಾಲದ ಒಡಂಬಡಿಕೆಯ ನೆನಪೋ ರಾಯನ ಸ್ವಂತ ಕರುಣೆಯೋ ಹೇಳುವಂತಿಲ್ಲ. ಕರುಣೆಗೂ ಒಂದು ರೂಢಿ ಬೇಕಾಗುತ್ತದೆ ಎಂದಷ್ಟು ಹೇಳಬಹುದು.

ಈಗ ನಮ್ಮ ಕಾಲದ ರಾಯಭಾರಿಗಳನ್ನು ನೋಡೋಣ. 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ, ಎರಡನೆಯ ಮಹಾಯುದ್ಧದ ಗೂಢಲಿಪಿಗಳನ್ನು ಒಡೆದ ಅದೇ ಜಾಗದಲ್ಲಿ, ಕೃತಕ ಬುದ್ಧಿಮತ್ತೆಯ ಅಪಾಯಗಳನ್ನು ಒಟ್ಟಾಗಿ ಅರಿಯೋಣವೆಂಬ ಘೋಷಣೆಗೆ 28 ದೇಶಗಳೂ ಯುರೋಪಿನ ಒಕ್ಕೂಟವೂ ಒಪ್ಪಿಗೆಯಿತ್ತುವು. ಅಮೆರಿಕ, ಚೀನ, ಭಾರತ ಮೂರೂ ಅದರಲ್ಲಿದ್ದುವು. 2024ರ ಮಾರ್ಚಿನಲ್ಲಿ ಅಮೆರಿಕ ಮುಂದಿಟ್ಟ ನಿರ್ಣಯವನ್ನೂ, ಜುಲೈಯಲ್ಲಿ ಚೀನ ಮುಂದಿಟ್ಟ ನಿರ್ಣಯವನ್ನೂ ವಿಶ್ವಸಂಸ್ಥೆಯ ಮಹಾಸಭೆ ಮತಕ್ಕೆ ಹಾಕದೆ ಅಂಗೀಕರಿಸಿತು. ಅದೇ ವರ್ಷದ ನವೆಂಬರಿನಲ್ಲಿ ಪೆರು ದೇಶದ ಲಿಮಾದಲ್ಲಿ ಅಮೆರಿಕದ ಅಂದಿನ ಅಧ್ಯಕ್ಷ ಬೈಡನ್ ಮತ್ತು ಚೀನದ ಅಧ್ಯಕ್ಷ ಷಿ ಜಿನ್‌ಪಿಂಗ್ ಭೇಟಿಯಾದರು. ಅಣ್ವಸ್ತ್ರವನ್ನು ಬಳಸಬೇಕೇ ಬೇಡವೇ ಎಂಬ ತೀರ್ಮಾನ ಮನುಷ್ಯನ ಹತೋಟಿಯಲ್ಲಿಯೇ ಉಳಿಯಬೇಕೆಂದು ಇಬ್ಬರೂ ಒಪ್ಪಿದರು. ಚಿಪ್ಪಿನ ಜಗಳ ಅಂದೂ ನಿಂತಿರಲಿಲ್ಲ. ಒಂದೇ ಒಂದು ವಾಕ್ಯದ ಒಪ್ಪಂದ ಅದು. ಆದರೆ ಮುದಗಲ್ಲಿನ ರಕ್ತದ ಮೇಲೆ ಹುಟ್ಟಿದ ಒಡಂಬಡಿಕೆಯೂ ಹೆಚ್ಚು ಕಡಮೆ ಒಂದೇ ವಾಕ್ಯದ್ದಾಗಿತ್ತು. ಅದಕ್ಕೂ ಇದಕ್ಕೂ ಒಂದು ವ್ಯತ್ಯಾಸವುಂಟು: ಅದು ಕೊಲೆಯಾದ ಮೇಲೆ ಬಂದದ್ದು, ಇದು ಕೊಲೆಗೆ ಮೊದಲೇ ಬಂದದ್ದು.

ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಕುದುರೆಗಳನ್ನು ಬಂದರಿನಲ್ಲಿ ನಿಂತು ಎಣಿಸಬಹುದಿತ್ತು. ತೋಪು ಎಷ್ಟೇ ದೊಡ್ಡದಾದರೂ ಅದಕ್ಕೆ ಬತ್ತಿ ಹಚ್ಚುವ ಕೈಯೊಂದು ಬೇಕಿತ್ತು. ಯಂತ್ರಬುದ್ಧಿ ಒಂದು ಕ್ಷಣದಲ್ಲಿ ನಕಲಾಗಿ ಗಡಿ ದಾಟಬಲ್ಲುದು; ಬತ್ತಿ ಹಚ್ಚುವ ತೀರ್ಮಾನವನ್ನೂ ತಾನೇ ಮಾಡುವ ಸ್ಥಿತಿಗೆ ಬರಬಲ್ಲುದು. ಒಪ್ಪಂದ ಮುರಿದರೆ ಮುರಿದದ್ದು ತಿಳಿಯುವುದೂ ಕಷ್ಟ. ಆದ್ದರಿಂದ ಇಂದಿನ ರಾಯಭಾರಿಗಳ ಕೆಲಸ ಅಂದಿನವರದಕ್ಕಿಂತ ಕಠಿನ. ಆದರೆ ಕಠಿನವೆಂಬುದು ಮಾಡದಿರುವುದಕ್ಕೆ ಕಾರಣವಾಗಲಾರದು. ಇಡೀ ವಿದ್ಯೆಯನ್ನು ಹಂಚಿಕೊಳ್ಳುವ ದೊಡ್ಡ ಸ್ನೇಹಕ್ಕಾಗಿ ಕಾಯುವ ಬದಲು, ಯಾವ ಸಂಗತಿಯಲ್ಲಿ ಇಬ್ಬರಿಗೂ ಸಮಾನ ಭಯವಿದೆಯೋ ಅಲ್ಲಿಂದ ಆರಂಭಿಸುವುದು ಎಡೆದೊರೆಯ ವಿವೇಕ.

ಇನ್ನೊಂದು ಮಾತು. 1366ರ ಒಡಂಬಡಿಕೆಗೆ ಯಾರ ಪ್ರಾಣ ವಿಷಯವಾಗಿತ್ತೋ ಆ ಕಲ್ಮಲದ, ಮಾನ್ವಿಯ, ದೇವದುರ್ಗದ ಒಕ್ಕಲಿಗನನ್ನು ಯಾರೂ ಸಭೆಗೆ ಕರೆಯಲಿಲ್ಲ. ಅವನ ಪರವಾಗಿ ರಾಯಭಾರಿಗಳಿಗೆ ಒಳ್ಳೆಯ ಬುದ್ಧಿ ಬಂದದ್ದು ಅವನ ಅದೃಷ್ಟ. ನಡುವೆ ಸಿಕ್ಕ ಜನ ಅದೃಷ್ಟವನ್ನೇ ನಂಬಿ ಕೂರುವ ಕಾಲ ಇದಲ್ಲ. ಎರಡು ದೈತ್ಯ ಶಕ್ತಿಗಳ ನಡುವಣ ಇಂದಿನ ಎಡೆದೊರೆಯಲ್ಲಿ ಭಾರತವೂ ಇದೆ, ಇನ್ನೆಷ್ಟೋ ದೇಶಗಳೂ ಇವೆ. ಸಭೆಯಲ್ಲಿ ಮಾತನಾಡಬೇಕಾದರೆ ವಿದ್ಯೆ ತಿಳಿದಿರಬೇಕು. 2019ರಲ್ಲಿ ಆರಂಭವಾದ ರಾಯಚೂರಿನ ಭಾರತೀಯ ಮಾಹಿತಿ ತಂತ್ರಜ್ಞಾನ ಸಂಸ್ಥೆಯಲ್ಲಿ ಕೃತಕ ಬುದ್ಧಿಮತ್ತೆ ಇಂದು ಒಂದು ಪಾಠವಿಷಯ. ತೋಪಿನ ಕೆಳಗೆ ಕಲ್ಲು ಕಿತ್ತು ಹಣ ಎಣಿಸಿದ ನೆಲದಲ್ಲಿ ಮಕ್ಕಳು ಹೊಸ ತೋಪಿನ ಒಳಗುಟ್ಟನ್ನು ಕಲಿಯುತ್ತಿದ್ದಾರೆಂಬುದು ಸಣ್ಣ ಸಂಗತಿಯಲ್ಲ. ಅದರ ಜೊತೆಗೆ ಮುಹಮ್ಮದ್ ಶಾಹನ ಮುಂದೆ ನಿಂತು ಮಾತನಾಡಿದ, ಹೆಸರು ಉಳಿಯದ ಆ ರಾಯಭಾರಿಗಳ ಮಾತನ್ನೂ ಅವರು ಕಲಿಯಲಿ. ಗೆದ್ದವರ ತೋಪುಗಳು ತುಕ್ಕು ಹಿಡಿದುವು. ನೆರೆಯವರಾಗಿ ಬಾಳಬೇಕಾದವರು ನಾವೆಂಬ ಮಾತಿಗೆ ಇನ್ನೂ ತುಕ್ಕು ಹಿಡಿದಿಲ್ಲ.